ಒಂದೇ ತಾಯಿಯ ಮಕ್ಕಳು, ಎರಡು ಸೂಜಿ

ತೆಂಗು ಬೆಳೆಯುವವನಿಗೆ ತಲೆ ಎತ್ತಿ ನೋಡಲು ಬರಬೇಕು. ಗೊನೆ ಬಲಿತಿದೆಯೇ, ಸುಳಿ ಹಸಿರಾಗಿದೆಯೇ, ಗರಿಗೆ ಕಪ್ಪುತಲೆ ಹುಳ ಬಿದ್ದಿದೆಯೇ ಎಂಬುದೆಲ್ಲ ಮೇಲಿರುವ ಸಂಗತಿ. ಮೂವತ್ತಾರನೇ ವಯಸ್ಸಿಗೆ ನನ್ನ ಕತ್ತು ಮೇಲೇಳುವುದನ್ನು ಬಿಟ್ಟಿತು. ಜಾವಗಲ್ಲಿನ ನಮ್ಮ ತೋಟದಲ್ಲಿ ಮರದ ತುದಿ ನೋಡಬೇಕೆಂದರೆ ನಾಲ್ಕು ಹೆಜ್ಜೆ ಹಿಂದೆ ಸರಿದು, ಮಂಡಿ ಮಡಚಿ, ಇಡೀ ಮೈಯನ್ನೇ ಹಿಂದಕ್ಕೆ ವಾಲಿಸಬೇಕಾಗಿತ್ತು. ಅದೂ ಆಗದ ದಿನ ಎಂಟು ವರ್ಷದ ಮಗನನ್ನು ಕರೆದು, "ಮೇಲೆ ನೋಡಿ ಹೇಳಪ್ಪ" ಎನ್ನುತ್ತಿದ್ದೆ.

ನನಗಿರುವುದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಬೆನ್ನುಮೂಳೆಯ ಮೇಲೆ ಬೀಳುವ ಕಾಯಿಲೆ. ಹಾಗೇ ಬಿಟ್ಟರೆ ಮೂಳೆಗಳು ಒಂದಕ್ಕೊಂದು ಬೆಸೆದುಕೊಂಡು ಬೆನ್ನು ಬಿದಿರಿನಂತೆ ಆಗುತ್ತದೆ. ನೋವು ಶುರುವಾದದ್ದು 2006ರಲ್ಲಿ, ಕಾಯಿಲೆಯ ಹೆಸರು ಗೊತ್ತಾದದ್ದು 2017ರಲ್ಲಿ. ನಡುವಿನ ಹನ್ನೊಂದು ವರ್ಷ ಸೊಂಟದ ಪಟ್ಟಿ, ನೋವಿನ ಮಾತ್ರೆ, ಎಣ್ಣೆ ನೀವಿಸುವುದರಲ್ಲೇ ಕಳೆದವು. ಅವ್ವ ಊರಿನ ಲಕ್ಷ್ಮೀನರಸಿಂಹನಿಗೂ ಹರಕೆ ಹೊತ್ತಳು, ದರ್ಗಾದಲ್ಲೂ ಸಕ್ಕರೆ ಓದಿಸಿದಳು. ನೋಡಿದವರೆಲ್ಲ "ಭಾರ ಎತ್ತಬೇಡ, ಮಲಗು" ಎನ್ನುತ್ತಿದ್ದರು. ಆದರೆ ಮಲಗಿದರೇ ನನಗೆ ನೋವು ಹೆಚ್ಚು. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ, ಹಟ್ಟಿಯ ಸುತ್ತ ಅರ್ಧ ಗಂಟೆ ನಡೆದರೆ ಸಡಿಲಾಗುತ್ತಿತ್ತು. ಸುಮ್ಮನಿದ್ದರೆ ಹೆಚ್ಚುವ, ಓಡಾಡಿದರೆ ಇಳಿಯುವ ಬೆನ್ನುನೋವು ಮಾಮೂಲಿ ಬೆನ್ನುನೋವಲ್ಲ ಎಂಬ ಒಂದು ಮಾತು ಆ ಹನ್ನೊಂದು ವರ್ಷದಲ್ಲಿ ನನ್ನ ಕಿವಿಗೆ ಬೀಳಲಿಲ್ಲ. ಇದನ್ನು ಓದುವವರಲ್ಲಿ ಯಾರಿಗಾದರೂ ಬೀಳಲಿ ಎಂದೇ ಇಲ್ಲಿ ಬರೆದಿದ್ದೇನೆ.

ಅಕ್ಕನನ್ನು ಹಳೇಬೀಡಿಗೆ ಕೊಟ್ಟಿದೆ. ಅವಳದು ರುಮಟಾಯ್ಡ್ ಸಂಧಿವಾತ. ಎರಡೂ ಕೈಯ ಗೆಣ್ಣು ಊದಿ, ಮುದ್ದೆ ತಿರುವುವುದು ಹೋಗಲಿ, ಬಿಂದಿಗೆಯ ಕಂಠ ಹಿಡಿಯಲೂ ಆಗದ ಸ್ಥಿತಿಗೆ ಬಂದಿದ್ದಳು. ಯಾರೋ ಹೇಳಿದರೆಂದು ಎರಡು ವರ್ಷ ಹೆಸರಿಲ್ಲದ ಪೊಟ್ಟಣದ ಪುಡಿ ತಿಂದಳು. ನೋವು ಮಾಯವಾಯಿತು, ಮುಖ ಚಂದ್ರನ ಹಾಗೆ ಊದಿಕೊಂಡಿತು. ಪುಡಿಯಲ್ಲಿದ್ದದ್ದು ಸ್ಟಿರಾಯ್ಡ್ ಇರಬೇಕೆಂದು ಆಮೇಲೆ ಡಾಕ್ಟರು ಹೇಳಿದರು. ಈಗ ಅವಳಿಗೆ ವಾರಕ್ಕೊಂದು ಎಟನರ್ಸೆಪ್ಟ್ ಸೂಜಿ, ಜೊತೆಗೆ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ. ನನಗೆ ಹದಿನೈದು ದಿನಕ್ಕೊಂದು ಅಡಾಲಿಮುಮ್ಯಾಬ್. ಎರಡನ್ನೂ ಬೆಂಗಳೂರಿನಿಂದ ಒಂದೇ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ತರುವವನು ನಾನು. ತಿಂಗಳಿಗೆ ಅವಳವು ನಾಲ್ಕು, ನನ್ನವು ಎರಡು. ನಮ್ಮ ಮನೆಯ ಫ್ರಿಡ್ಜಿನ ನಡುವಿನ ತಟ್ಟೆಯಲ್ಲಿ ಅಕ್ಕಪಕ್ಕ ಇರುತ್ತವೆ, ಭಾವ ಬಂದು ಅವಳ ಪಾಲು ಒಯ್ಯುತ್ತಾರೆ.

ನೋಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಎರಡರಲ್ಲಿ ಯಾವುದು ಒಳ್ಳೇದು?"

ಆ ಪ್ರಶ್ನೆಗೆ ಉತ್ತರವಿದೆ, ಆದರೆ ಅದು ಔಷಧಿಯ ಡಬ್ಬಿಯ ಮೇಲಿಲ್ಲ. ಸೂಜಿ ಹಾಕಿಸಿಕೊಳ್ಳುವವರ ಕಣ್ಣು, ಕರುಳು, ಶ್ವಾಸಕೋಶದಲ್ಲಿದೆ, ಅವರ ಮನೆಯಲ್ಲಿ ಹಿಂದೆ ಯಾರು ಕೆಮ್ಮಿದ್ದರು ಎಂಬುದರಲ್ಲಿದೆ. ನಮ್ಮ ಕಡೆ ಮಾತ್ರ ಅದನ್ನು ತೀರ್ಮಾನ ಮಾಡುವುದು ಜೇಬು ಮತ್ತು ಬಸ್ಸು. ನನ್ನ ಸಂಕಟ ಇರುವುದೇ ಅಲ್ಲಿ.

ಎರಡು ಔಷಧಿಗಳ ಗುರಿಯೂ ಒಂದೇ. ಉರಿಯೂತ ಹಬ್ಬಿಸುವ ಟಿಎನ್ಎಫ್ ಎಂಬ ಪ್ರೋಟೀನು ಮೈಯಲ್ಲಿದೆ. ಅದನ್ನು ತಡೆದರೆ ಕೀಲಿನ ಉರಿ ಇಳಿಯುತ್ತದೆ ಎಂದು ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ ತೋರಿಸಿಕೊಟ್ಟರು. 1992ರಲ್ಲಿ ಅಲ್ಲಿನ ರೋಗಿಗಳಿಗೆ ಈ ಬಗೆಯ ಔಷಧಿಯನ್ನು ಮೊದಲು ಕೊಟ್ಟರು. ಅಮೆರಿಕದಲ್ಲಿ ಎಟನರ್ಸೆಪ್ಟ್‌ಗೆ 1998ರಲ್ಲಿ, ಅಡಾಲಿಮುಮ್ಯಾಬ್‌ಗೆ 2002ರ ಕೊನೆಯಲ್ಲಿ ಅನುಮತಿ ಸಿಕ್ಕಿತು. ಇವು ಮಾತ್ರೆಯಂತೆ ರಸಾಯನ ಬೆರೆಸಿ ಮಾಡುವ ಔಷಧಿಗಳಲ್ಲ, ಜೀವಕೋಶಗಳೊಳಗೆ ಬೆಳೆಸಿ ತೆಗೆಯುವ ಪ್ರೋಟೀನುಗಳು. ಬಾಯಿಂದ ನುಂಗಿದರೆ ಹೊಟ್ಟೆ ಅನ್ನದಂತೆ ಜೀರ್ಣ ಮಾಡಿಬಿಡುತ್ತದೆ, ಅದಕ್ಕೇ ಸೂಜಿ.

ಗುರಿ ಒಂದಾದರೂ ಹಿಡಿತ ಬೇರೆ. ಅಡಾಲಿಮುಮ್ಯಾಬ್ ಒಂದು ಪ್ರತಿಕಾಯ. ಟಿಎನ್ಎಫ್ ರಕ್ತದಲ್ಲಿ ತೇಲುತ್ತಿರಲಿ, ಕೋಶದ ಮೈಗೆ ಅಂಟಿರಲಿ, ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಎಟನರ್ಸೆಪ್ಟ್ ಟಿಎನ್ಎಫ್ ಹೋಗಿ ಕೂರುವ ಜಾಗದ ನಕಲು. ಅಸಲಿ ಜಾಗಕ್ಕೆ ಹೋಗಬೇಕಾದದ್ದು ಇಲ್ಲಿ ಬಂದು ಸಿಕ್ಕಿಕೊಳ್ಳುತ್ತದೆ. ಆದರೆ ಕೋಶದ ಮೈಗಂಟಿದ್ದರ ಮೇಲೆ ಇದರ ಹಿಡಿತ ಸಡಿಲ. ಮೈಯಲ್ಲಿ ಉಳಿಯುವ ಕಾಲವೂ ಬೇರೆ. ಅಡಾಲಿಮುಮ್ಯಾಬ್ ಅರ್ಧಕ್ಕಿಳಿಯಲು ಸುಮಾರು ಎರಡು ವಾರ ಬೇಕು, ಎಟನರ್ಸೆಪ್ಟ್‌ಗೆ ನಾಲ್ಕು ದಿನ ಸಾಕು. ಕೀಲಿನ ನೋವಿನ ಮಟ್ಟಿಗೆ ಎರಡೂ ಹೆಚ್ಚುಕಡಿಮೆ ಸಮಸಮ ಎಂದು ನಮ್ಮ ಡಾಕ್ಟರು ಹೇಳಿದರು. ಅಕ್ಕನ ಕೈ, ನನ್ನ ಬೆನ್ನು ನೋಡಿದ ನಾನೂ ಅದನ್ನೇ ಹೇಳುತ್ತೇನೆ. ವ್ಯತ್ಯಾಸ ಕಾಣುವುದು ಕೀಲಿನ ಆಚೆ.

ನನಗೆ ಕಣ್ಣಿನಲ್ಲಿ ಕಂಡಿತು. 2014ರಲ್ಲಿ ಎಡಗಣ್ಣು ಕೆಂಡದಂತೆ ಕೆಂಪಾಗಿ, ಬೆಳಕು ನೋಡಲಾಗದೆ, ಒಳಗಿಂದ ಯಾರೋ ಒತ್ತಿದಂತೆ ನೋವು. ತೋರಿಸಿದ ಕಡೆ ಮದ್ರಾಸ್ ಐ ಎಂದು ಹನಿ ಕೊಟ್ಟು ಕಳಿಸಿದರು. 2016ರಲ್ಲಿ ಮತ್ತೆ ಬಂತು, ಈ ಸಲ ಬಲಗಣ್ಣು. ಅದು ಯುವೈಟಿಸ್, ಕಣ್ಣಿನೊಳಗಿನ ಪೊರೆಯ ಉರಿಯೂತ. ನನ್ನ ಬೆನ್ನಿನ ಕಾಯಿಲೆಯದೇ ಇನ್ನೊಂದು ಕೊಂಬೆ. ಪದೇ ಪದೇ ಬಂದರೆ ದೃಷ್ಟಿಯೇ ಹೋಗಬಹುದು. ಮದ್ರಾಸ್ ಐ ಅಂಟುವ ಕಾಯಿಲೆ, ಮನೆಯಲ್ಲಿ ಒಬ್ಬರಿಗೆ ಬಂದರೆ ನಾಲ್ಕು ಜನಕ್ಕೆ ಬರುತ್ತದೆ. ನನ್ನದು ಯಾರಿಗೂ ಅಂಟಿರಲಿಲ್ಲ. ಅದನ್ನೊಂದು ಕೇಳಿದ್ದರೂ ಸಾಕಿತ್ತು. ಈ ಕಣ್ಣಿನ ಉರಿಯೂತ ಮರುಕಳಿಸದಂತೆ ತಡೆಯುವುದರಲ್ಲಿ ಎಟನರ್ಸೆಪ್ಟ್‌ಗಿಂತ ಅಡಾಲಿಮುಮ್ಯಾಬ್ ಮೇಲು. ಕ್ರೋನ್ಸ್ ಎಂಬ ಕರುಳಿನ ಉರಿಯೂತಕ್ಕೂ ಅಷ್ಟೇ, ಅಡಾಲಿಮುಮ್ಯಾಬ್ ಕೆಲಸ ಮಾಡುತ್ತದೆ, ಎಟನರ್ಸೆಪ್ಟ್ ಮಾಡುವುದಿಲ್ಲ. ಹಾಗಾಗಿ 2018ರಲ್ಲಿ ನನಗೆ ಸೂಜಿ ಆರಿಸುವಾಗ ಡಾಕ್ಟರು ಮೊದಲು ಕೇಳಿದ್ದು ಬೆನ್ನಿನ ವಿಚಾರವನ್ನಲ್ಲ, ಕಣ್ಣಿನ ವಿಚಾರವನ್ನು.

ಅಕ್ಕನಿಗೆ ತೂಕ ಇನ್ನೊಂದು ಕಡೆ ಬಿತ್ತು. ಅವಳ ಅತ್ತೆಗೆ ಹಿಂದೆ ಕ್ಷಯವಾಗಿತ್ತು. ಔಷಧಿ ಪೂರ್ತಿ ತೆಗೆದುಕೊಂಡು ವಾಸಿಯಾದರು, ಆದರೆ ಅದಕ್ಕೂ ಮುಂಚೆ ಅಕ್ಕ ಅದೇ ಮನೆಯಲ್ಲಿ ಅವರ ಆರೈಕೆ ಮಾಡಿದ್ದಳು. ಕ್ಷಯದ ಕ್ರಿಮಿ ಮೈ ಹೊಕ್ಕರೆ ಎಲ್ಲರಿಗೂ ಕಾಯಿಲೆ ಬರುವುದಿಲ್ಲ. ಮೈ ಅದರ ಸುತ್ತ ಗೋಡೆ ಕಟ್ಟಿ ಒಳಗೇ ಮಲಗಿಸಿಡುತ್ತದೆ. ಹಾಗೆ ಮಲಗಿದ ಕ್ರಿಮಿಯನ್ನು ಹೊತ್ತವರು ನಮ್ಮಲ್ಲಿ ಲೆಕ್ಕವಿಲ್ಲದಷ್ಟು ಜನ. ಆ ಗೋಡೆಯ ಗಾರೆ ಯಾವುದು ಗೊತ್ತೇ? ಇದೇ ಟಿಎನ್ಎಫ್. ಕೀಲು ಉಳಿಸಲು ಅದನ್ನು ತೆಗೆದರೆ, ಕೆರೆಯ ಏರಿಯಿಂದ ಕಲ್ಲು ಕಿತ್ತಂತೆ. ಕೀಲಿನ ನೋವು ಇಳಿಯುತ್ತಿರುವಾಗಲೇ ಹಳೆಯ ಕ್ಷಯ ಏಳಬಹುದು. ಎಷ್ಟೋ ಸಲ ಶ್ವಾಸಕೋಶದ ಆಚೆ, ಗ್ರಂಥಿಯಲ್ಲೋ ಹೊಟ್ಟೆಯಲ್ಲೋ ಎದ್ದು, ಗುರುತು ಸಿಗುವುದೇ ತಡವಾಗುತ್ತದೆ.

ಇಲ್ಲಿ ಎರಡು ಸೂಜಿಗಳ ನಡುವಿನ ಅಂತರ ದೊಡ್ಡದು. ಬ್ರಿಟನ್ನಿನಲ್ಲಿ ಇಂಥ ಔಷಧಿ ಪಡೆಯುವ ಸಂಧಿವಾತದ ರೋಗಿಗಳ ಹೆಸರು ಬರೆದಿಟ್ಟು ವರ್ಷಗಟ್ಟಲೆ ಗಮನಿಸಿ 2010ರಲ್ಲಿ ಲೆಕ್ಕ ಕೊಟ್ಟರು. ಒಂದು ಲಕ್ಷ ಜನ ಒಂದು ವರ್ಷ ಔಷಧಿ ಪಡೆದರೆ ಎಟನರ್ಸೆಪ್ಟ್‌ನಲ್ಲಿ 39 ಜನಕ್ಕೆ ಕ್ಷಯ, ಅಡಾಲಿಮುಮ್ಯಾಬ್‌ನಲ್ಲಿ 144 ಜನಕ್ಕೆ. ಅದು ಕ್ಷಯ ಅಪರೂಪವಾಗಿರುವ ದೇಶದ ಲೆಕ್ಕ. ಜಗತ್ತಿನ ಕ್ಷಯ ರೋಗಿಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಜನ ನಮ್ಮ ದೇಶದವರು. 2023 ಒಂದೇ ವರ್ಷದಲ್ಲಿ ದೇಶದಲ್ಲಿ ದಾಖಲಾದವರು 25 ಲಕ್ಷಕ್ಕೂ ಹೆಚ್ಚು. ಬ್ರಿಟನ್ನಿನ ಆ 39 ಮತ್ತು 144ನ್ನು ಹಾಗೆಯೇ ನಮ್ಮ ಊರಿಗೆ ತಂದು ಹಚ್ಚಿ ನೆಮ್ಮದಿಯಾಗಿರಲು ಬರುವುದಿಲ್ಲ.

ಅಕ್ಕನ ಎದೆಯ ಎಕ್ಸ್‌ರೇ ಸರಿಯಾಗಿತ್ತು. ಆದರೆ ಇಗ್ರಾ ಎಂಬ ರಕ್ತಪರೀಕ್ಷೆ ಮಲಗಿದ ಕ್ರಿಮಿ ಇದೆ ಎಂದಿತು. ಚರ್ಮದ ಮೇಲೆ ಮಾಡುವ ಮಾಂಟೂ ಪರೀಕ್ಷೆಯೂ ಇದೆ, ಆದರೆ ಮಗುವಾಗಿದ್ದಾಗ ಹಾಕಿದ ಬಿಸಿಜಿ ಲಸಿಕೆ ಅದನ್ನು ದಾರಿ ತಪ್ಪಿಸಬಲ್ಲದು. ಇಗ್ರಾಕ್ಕೆ ಆ ತೊಂದರೆಯಿಲ್ಲ. ಹಾಗಾಗಿ ಅವಳಿಗೆ ಮೊದಲು ಐಸೋನಿಯಜಿಡ್ ಮಾತ್ರೆ, ಕೈಕಾಲು ಜೋಮು ಹಿಡಿಯದಿರಲು ಜೊತೆಗೆ ಬಿ6. ಒಂದು ತಿಂಗಳು ಕಳೆದ ಮೇಲೆ ಸೂಜಿ. ಅದೂ ಗೋಡೆಯನ್ನು ಕಡಿಮೆ ಕೆಡವುವ, ತೊಂದರೆಯಾದರೆ ಬೇಗ ಮೈಬಿಟ್ಟು ಹೋಗುವ ಎಟನರ್ಸೆಪ್ಟ್. ಕಳೆದ ಚಳಿಗಾಲದಲ್ಲಿ ಅವಳಿಗೆ ನ್ಯುಮೋನಿಯಾ ಆಯಿತು. ಸೂಜಿ ನಿಲ್ಲಿಸಿದರು, ಮೂರು ವಾರ ಆಗುವಷ್ಟರಲ್ಲಿ ಔಷಧಿಯ ಅಂಶ ಮೈಯಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ನನಗಾಗಿದ್ದರೆ ಎರಡು ತಿಂಗಳ ಮೇಲೂ ಉಳಿದಿರುತ್ತಿತ್ತು. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದರೂ ನನ್ನ ಸೂಜಿ ಅವಳಿಗೆ ತಕ್ಕದ್ದಲ್ಲ, ಅವಳದು ನನಗೆ ತಕ್ಕದ್ದಲ್ಲ. ಊರವರಿಗೆ ನಾನು ಕೊಡುವ ಉತ್ತರ ಇದು.

ಇಷ್ಟು ತೂಗಿನೋಡುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ನನಗೂ ಕೊನೆತನಕ ಸಿಗಲಿಲ್ಲ. 2023ರಲ್ಲಿ ಕೊಬ್ಬರಿ ಬಿತ್ತು. ಉಂಡೆ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ, ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ತಿಪಟೂರು, ಅರಸೀಕೆರೆ ಸೀಮೆಯ ರೈತರು ಬೀದಿಗಿಳಿದ ವರ್ಷ ಅದು. ಅಟ್ಟದ ಮೇಲಿನ ಕೊಬ್ಬರಿ ಮಾರಿದರೆ ನಷ್ಟ, ಮಾರದಿದ್ದರೆ ಸೂಜಿಗೆ ದುಡ್ಡಿಲ್ಲ. ಯಾರನ್ನೂ ಕೇಳದೆ ನಾನೇ ಹದಿನೈದು ದಿನದ ಸೂಜಿಯನ್ನು ತಿಂಗಳಿಗೆ ಎಳೆದೆ, ಆಮೇಲೆ ಒಂದೂವರೆ ತಿಂಗಳಿಗೆ. ಐದನೇ ತಿಂಗಳಿಗೆ ಕಣ್ಣು ಮತ್ತೆ ಕೆಂಪಾಯಿತು, ಮೂರು ಗಂಟೆಯ ಎಚ್ಚರ ಮರಳಿತು.

ಕಾಯಿಲೆ ಹತೋಟಿಗೆ ಬಂದಾಗ ಸೂಜಿಯ ನಡುವಿನ ದಿನ ಹೆಚ್ಚಿಸುವ ಕ್ರಮ ಡಾಕ್ಟರುಗಳಲ್ಲೂ ಇದೆ. ಅದು ಪರೀಕ್ಷೆ ನೋಡಿಕೊಂಡು ಮಾಡುವ ಕೆಲಸ. ನಾನು ಮಾಡಿದ್ದು ಕೊಬ್ಬರಿಯ ಧಾರಣೆ ನೋಡಿಕೊಂಡು. ಈ ಔಷಧಿಗಳ ಮಟ್ಟ ಮೈಯಲ್ಲಿ ಏರಿಳಿದರೆ ಮೈ ಔಷಧಿಯನ್ನೇ ಶತ್ರುವೆಂದು ತಿಳಿದು ಪ್ರತಿಕಾಯ ಕಟ್ಟುವ ಅಪಾಯವಿದೆ. ಆಮೇಲೆ ಅದೇ ಸೂಜಿ ನೀರು ಚುಚ್ಚಿದಂತೆ. ಹಾಲೆಂಡಿನಲ್ಲಿ ಅಡಾಲಿಮುಮ್ಯಾಬ್ ಪಡೆದ 272 ಸಂಧಿವಾತದ ರೋಗಿಗಳನ್ನು ಮೂರು ವರ್ಷ ಗಮನಿಸಿದಾಗ, ನೂರಕ್ಕೆ 28 ಜನರಲ್ಲಿ ಇಂಥ ಪ್ರತಿಕಾಯ ಕಂಡಿತು. ಅವರು ಸರಿಯಾದ ಹೊತ್ತಿಗೆ ಸೂಜಿ ಪಡೆದವರು. ಎಟನರ್ಸೆಪ್ಟ್‌ನಲ್ಲಿ ಔಷಧಿಯನ್ನು ಕೆಡಿಸುವ ಪ್ರತಿಕಾಯದ ಕಾಟ ತೀರ ಕಡಿಮೆ. ನನ್ನ ಪುಣ್ಯಕ್ಕೆ ಸೂಜಿ ಮತ್ತೆ ಹಿಡಿಯಿತು, ನಾಲ್ಕು ತಿಂಗಳು ಬೇಕಾಯಿತು. ಆ ನಾಲ್ಕು ತಿಂಗಳಲ್ಲಿ ಕತ್ತು ಕಳೆದುಕೊಂಡ ಬಾಗು ಪೂರ್ತಿ ವಾಪಸ್ಸು ಬರಲಿಲ್ಲ. ಡಾಕ್ಟರು ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ, ತಲೆಯ ಹಿಂಭಾಗಕ್ಕೂ ಗೋಡೆಗೂ ನಡುವಿನ ಅಂತರ ಅಳೆಯುತ್ತಾರೆ. ಆ ವರ್ಷದ ಅಂತರ ಇನ್ನೂ ಹಾಗೇ ಇದೆ.

ಬೆಲೆ ಇಳಿದಿಲ್ಲವೆಂದಲ್ಲ. ಎಟನರ್ಸೆಪ್ಟ್‌ನ ತದ್ರೂಪಿಯನ್ನು ಸಿಪ್ಲಾ 2013ರಲ್ಲಿ ನಮ್ಮ ಮಾರುಕಟ್ಟೆಗೆ ತಂದಿತು. ಅಡಾಲಿಮುಮ್ಯಾಬ್‌ನ ಜಗತ್ತಿನ ಮೊದಲ ತದ್ರೂಪಿ 2014ರ ಡಿಸೆಂಬರಿನಲ್ಲಿ ಬಂದದ್ದೂ ಭಾರತದಲ್ಲೇ, ಗುಜರಾತಿನ ಝೈಡಸ್ ಕಂಪನಿಯಿಂದ, ಅಮೆರಿಕದ ಬೆಲೆಯ ಸುಮಾರು ಐದನೇ ಒಂದು ಭಾಗಕ್ಕೆ. ಬೆಂಗಳೂರಿನ ಬಯೋಕಾನ್ 2013ರಲ್ಲೇ ಸೋರಿಯಾಸಿಸ್‌ಗೆ ಆಲ್ಜುಮ್ಯಾಬ್ ಎಂಬ ತನ್ನದೇ ಜೈವಿಕ ಔಷಧಿ ಬಿಡುಗಡೆ ಮಾಡಿತು. ಮಾಡಬಲ್ಲವರು ನಮ್ಮ ದೇಶದಲ್ಲಿದ್ದಾರೆ, ನಮ್ಮ ರಾಜಧಾನಿಯಲ್ಲೇ ಇದ್ದಾರೆ. ಆದರೂ ಐದನೇ ಒಂದು ಭಾಗ ಎನ್ನುವುದು ಅಮೆರಿಕದವನಿಗೆ ಅಗ್ಗ. ನಾಲ್ಕು ಎಕರೆ ತೆಂಗಿನವನಿಗೆ, ತಿಂಗಳು ತಿಂಗಳು, ಬದುಕಿರುವತನಕ ಎಂದರೆ ಅಗ್ಗವಲ್ಲ.

ಇನ್ನು ತಂಪು. ಎರಡೂ ಸೂಜಿಗಳು 2ರಿಂದ 8 ಡಿಗ್ರಿಯೊಳಗೆ ಇರಬೇಕು, ಹೆಪ್ಪುಗಟ್ಟಲೂಬಾರದು. ಬೆಂಗಳೂರಿನಿಂದ ಅರಸೀಕೆರೆ ಜಂಕ್ಷನ್ನಿಗೆ ರೈಲು, ಅಲ್ಲಿಂದ ಬಾಣಾವರದ ಮೇಲೆ ಜಾವಗಲ್ಲಿಗೆ ಬಸ್ಸು. ತೊಡೆಯ ಮೇಲೆ ಪೆಟ್ಟಿಗೆ. ಒಮ್ಮೆ ಅಂಗಡಿಯವರು ಕಲ್ಲಿನಂತೆ ಗಟ್ಟಿಯಾದ ಜೆಲ್ ಪ್ಯಾಕಿನ ಮೇಲೇ ಸಿರಿಂಜು ಇಟ್ಟು ಕೊಟ್ಟಿದ್ದರು. ಊರಿಗೆ ಬಂದು ನೋಡಿದರೆ ಒಳಗೆ ಮಂಜು ಕಟ್ಟಿತ್ತು. ಕರಗಿದರೂ ಬಳಸುವಂತಿಲ್ಲ, ಎಸೆದೆ. ಎಸೆಯುವಾಗ ಹೆಂಡತಿ ಏನೂ ಮಾತಾಡಲಿಲ್ಲ, ಒಳಗೆ ಹೋದಳು. ಬೇಸಿಗೆಯಲ್ಲಿ ಕರೆಂಟು ಹೋದರೆ ಫ್ರಿಡ್ಜಿನ ಬಾಗಿಲು ತೆಗೆಯಬೇಡಿರೆಂದು ಮನೆಯಲ್ಲೆಲ್ಲ ಕೂಗು. ಪಕ್ಕದ ಅಂಗಡಿಯವನು ಐಸ್‌ಕ್ರೀಮಿನ ಪೆಟ್ಟಿಗೆಯಲ್ಲಿ ಇಟ್ಟುಕೋ ಎಂದ, ಒಳ್ಳೆಯ ಮನಸ್ಸಿನಿಂದಲೇ. ಅಲ್ಲಿಟ್ಟರೆ ಸೂಜಿಯ ಕತೆ ಮುಗಿಯಿತು.

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಕ್ಕಳ ಲಸಿಕೆಗೆಂದು ಐಎಲ್ಆರ್ ಫ್ರಿಡ್ಜು ಇರುತ್ತದೆ, ದಿನಕ್ಕೆರಡು ಸಲ ಉಷ್ಣಾಂಶ ಬರೆದಿಡುತ್ತಾರೆ. ಅದರಲ್ಲಿ ಲಸಿಕೆಯಲ್ಲದ ಬೇರೆ ಏನನ್ನೂ ಇಡಬಾರದೆಂಬ ನಿಯಮ ಸರಿಯಾದದ್ದು, ಅದನ್ನು ಮುರಿಯಿರಿ ಎಂದು ನಾನು ಕೇಳುವುದಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಚಿಕ್ಕ ಫ್ರಿಡ್ಜು ಕೊಡಿ ಎನ್ನುತ್ತೇನೆ. ಇನ್ಸುಲಿನ್ ತೆಗೆದುಕೊಳ್ಳುವ ಬಡವರಿಗೂ ಅದು ಬೇಕು.

ಈಚೆಗೆ ಹೊಸ ಮಾತೊಂದು ಕೇಳಿಬರುತ್ತಿದೆ. ಟಿಎನ್ಎಫ್ ಔಷಧಿ ಹಳೆಯದಾಯಿತು, ಸೆಕುಕಿನುಮ್ಯಾಬ್ ಬಂದಿದೆ, ಅದಕ್ಕೆ ಬದಲಾಯಿಸಿಕೋ ಎಂದು. ಕ್ಷಯದ ಭಯ ಅದರಲ್ಲಿ ಕಡಿಮೆ, ಅದು ನಿಜ. ಆದರೆ ನನ್ನಂಥ 859 ರೋಗಿಗಳನ್ನು ಹಂಚಿ ಎರಡು ವರ್ಷ ಅದನ್ನೂ ಅಡಾಲಿಮುಮ್ಯಾಬ್ ತದ್ರೂಪಿಯನ್ನೂ ಕೊಟ್ಟು ಬೆನ್ನಿನ ಎಕ್ಸ್‌ರೇ ಹೋಲಿಸಿದರು. ಮೂಳೆ ಬೆಸೆಯುವುದನ್ನು ತಡೆಯುವುದರಲ್ಲಿ ಹೊಸದು ಹಳೆಯದಕ್ಕಿಂತ ಮೇಲೆಂದು ಕಾಣಲಿಲ್ಲ. ಕಣ್ಣಿನ ಕಾಯಿಲೆಯ ನಾನು ಸದ್ಯ ಇದ್ದಲ್ಲೇ ಇದ್ದೇನೆ.

ಆರೋಗ್ಯ ಇಲಾಖೆಗೆ ನನ್ನ ಮಾತು ಇಷ್ಟು. ಹಿಮೋಫಿಲಿಯಾದವರಿಗೆ ಬೇಕಾದ ಫ್ಯಾಕ್ಟರ್ ಚುಚ್ಚುಮದ್ದು ದುಬಾರಿ, ತಂಪಿನಲ್ಲಿಡಬೇಕಾದದ್ದು, ಬದುಕಿಡೀ ಬೇಕಾದದ್ದು. ಅದನ್ನು ನಮ್ಮ ರಾಜ್ಯದ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಅದೇ ದಾರಿಯಲ್ಲಿ ಈ ಎರಡು ಸೂಜಿಗಳನ್ನೂ ತನ್ನಿ. ರಾಜ್ಯವೇ ಸಗಟಾಗಿ ಕೊಂಡರೆ ಬೆಲೆ ಇನ್ನಷ್ಟು ಇಳಿಯುತ್ತದೆ. ಎರಡನ್ನೂ ತನ್ನಿ, ಒಂದನ್ನಲ್ಲ. ಅಗ್ಗವೆಂದು ಒಂದನ್ನೇ ತಂದರೆ ಅಕ್ಕನಿಗೋ ನನಗೋ ಒಬ್ಬರಿಗೆ ತಪ್ಪು ಔಷಧಿ. ವಾರಕ್ಕೊಂದು ದಿನವಾದರೂ ಸಂಧಿವಾತದ ತಜ್ಞರು ಪ್ರತಿ ಜಿಲ್ಲಾ ಕೇಂದ್ರದಲ್ಲಿ ಸಿಗಲಿ. ಟಿಎನ್ಎಫ್ ತಡೆಯುವ ಔಷಧಿ ಶುರುಮಾಡುವವರನ್ನು ಪರೀಕ್ಷಿಸಿ ಕ್ಷಯ ಬರದಂತೆ ಮಾತ್ರೆ ಕೊಡಬೇಕೆಂದು ಕೇಂದ್ರದ 2021ರ ಕ್ಷಯ ತಡೆ ಮಾರ್ಗಸೂಚಿಯಲ್ಲೇ ಇದೆ. ಅದು ಖಾಸಗಿ ಡಾಕ್ಟರರ ಚೀಟಿ ಹಿಡಿದು ಬಂದವರಿಗೂ ತಾಲ್ಲೂಕಿನಲ್ಲೇ ಸಿಗುವಂತಾಗಲಿ.

ಅಲ್ಲಿಯವರೆಗೆ, ಈ ಎರಡರಲ್ಲಿ ಯಾವುದನ್ನಾದರೂ ಬರೆದುಕೊಟ್ಟ ಚೀಟಿ ನಿಮ್ಮ ಕೈಗೆ ಬಂದರೆ, ಯಾವುದು ಒಳ್ಳೇದು ಎಂದು ನನ್ನನ್ನು ಕೇಳಬೇಡಿ. ಕಣ್ಣು ಕೆಂಪಾಗಿದ್ದರೆ, ಹೊಟ್ಟೆ ಕೆಟ್ಟು ತಿಂಗಳುಗಟ್ಟಲೆ ನರಳಿದ್ದರೆ, ಮನೆಯಲ್ಲಿ ಯಾರಿಗಾದರೂ ಎಂದಾದರೂ ಕ್ಷಯವಾಗಿದ್ದರೆ, ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ಕ್ಷಯದ ಪರೀಕ್ಷೆ ಆಗುವ ಮೊದಲು ಮೊದಲ ಸೂಜಿ ಹಾಕಿಸಿಕೊಳ್ಳಬೇಡಿ.